ಪ್ರಶ್ನೆ ಕೇಳದ ಸೀಡಿ

ಗ್ರಂಥಾಲಯದಲ್ಲಿ ಎಲ್ಲರೂ ಅವನನ್ನು ಕೆದಕಪ್ಪ ಎಂದೇ ಕರೆಯುತ್ತಿದ್ದರು. ಮುಚ್ಚಿಟ್ಟಿದ್ದನ್ನು ತೆರೆದು ನೋಡದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಅಂದು ಬೆಳಿಗ್ಗೆ ಗ್ರಂಥಪಾಲಕಿ ಮೇಡಂ ಅವನ ಮೇಜಿನ ಬಳಿ ಬಂದು ನಿಂತರು.

“ಓದೋ ಕೋಣೆಯ ಹಳೇ ಕಂಪ್ಯೂಟರಿಗೆಲ್ಲ ಸಂಜೆಯೊಳಗೆ ಲಿನಕ್ಸ್ ಹಾಕ್ಬೇಕು. ಆಗ್ಲಿಲ್ವೋ, ನಾಳೆಯಿಂದ ನೀವು ನೆಲಮಾಳಿಗೆಗೆ. ಹರಿದ ಪುಸ್ತಕಕ್ಕೆ ಅಂಟು ಹಚ್ಕೊಂಡಿರಿ.”

ನೆಲಮಾಳಿಗೆಗೆ ಹೋದವರು ಕೆಮ್ಮುತ್ತಲೇ ನಿವೃತ್ತರಾದದ್ದನ್ನು ಕೆದಕಪ್ಪ ಕಣ್ಣಾರೆ ಕಂಡಿದ್ದ. ಅವನಿಗೆ ನಿಜವಾಗಿಯೂ ಭಯವಾಯಿತು.

ಕಂಪ್ಯೂಟರ್ ನಡೆಸುವ ಆ ಲಿನಕ್ಸ್ ತಂತ್ರಾಂಶದ ಸೀಡಿಯೇನೋ ಇತ್ತು. ಆದರೆ ಅದಕ್ಕೆ ಹೆಜ್ಜೆಹೆಜ್ಜೆಗೂ ಪ್ರಶ್ನೆ. ಯಾವ ಭಾಷೆ? ಯಾವ ಊರಿನ ಸಮಯ? ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಲೇ? ಒಂದೊಂದು ಯಂತ್ರದ ಮುಂದೂ ಕೂತು ಉತ್ತರಿಸುತ್ತಿದ್ದರೆ ಸಂಜೆಯಲ್ಲ, ವಾರವೇ ಕಳೆದೀತು. ಈ ಪ್ರಶ್ನೆಗಳು ಸೀಡಿಯ ಹೊಟ್ಟೆಯೊಳಗೆ ಎಲ್ಲಿ ಅಡಗಿರಬಹುದು? ಕೆದಕಪ್ಪನ ಕೈ ತುರಿಸತೊಡಗಿತು.

ಸೀಡಿಯ ಇಮೇಜನ್ನು, ಅಂದರೆ ಇಡೀ ಸೀಡಿಯನ್ನು ಒಂದೇ ಫೈಲಾಗಿಸಿದ ಪ್ರತಿಯನ್ನು, ತನ್ನ ಕಂಪ್ಯೂಟರಿನಲ್ಲಿ ತೆರೆದ. ಅಂಗಡಿಯ ಗಾಜಿನ ಪೆಟ್ಟಿಗೆಯ ಹಾಗೆ, ನೋಡಬಹುದು, ಮುಟ್ಟುವಂತಿಲ್ಲ. ಬಿಟ್ಟಾನೆಯೇ? ಎಲ್ಲವನ್ನೂ ಬೇರೊಂದು ಫೋಲ್ಡರಿಗೆ ನಕಲು ಮಾಡಿ, ಉತ್ತರಗಳನ್ನು ಮೊದಲೇ ಬರೆದಿಟ್ಟು, ಹೊಸ ಇಮೇಜ್ ಕಟ್ಟಿ ಸೀಡಿಗೆ ಇಳಿಸಿದ. ಓದುವ ಕೋಣೆಯ ಮೊದಲ ಕಂಪ್ಯೂಟರ್ ಆ ಸೀಡಿಯನ್ನು ಗರಗರ ತಿರುಗಿಸಿ ಸುಮ್ಮನಾಯಿತು.

ಪುಸ್ತಕಗಳಿಗೆ ನಂಬರ್ ಅಂಟಿಸುವ ಅಕ್ಕ ಇಣುಕಿದಳು. “ಏನಪ್ಪಾ, ಕೆಟ್ಟೋಯ್ತಾ?”

“ಫೈಲೆಲ್ಲ ಇದೆ ಅಕ್ಕ, ಏಳ್ತಾನೇ ಇಲ್ಲ.”

“ಎಬ್ಬಿಸೋದನ್ನೇ ಮರ್ತಿರ್ತೀಯ ಬಿಡು.”

ಅಕ್ಕ ಆಡಿದ್ದು ತಮಾಷೆಗೆ. ಆದರೆ ಕಂಪ್ಯೂಟರನ್ನು ಎಬ್ಬಿಸುವ ಫೈಲ್ ಯಾವುದೆಂದು ಇಮೇಜ್ ಕಟ್ಟುವಾಗ ಹೇಳುವುದನ್ನು ಅವನು ನಿಜಕ್ಕೂ ಮರೆತಿದ್ದ. ಅದನ್ನು ಸೇರಿಸಿ ಮತ್ತೆ ಕಟ್ಟಿದ. ಈ ಸಲ ಕಂಪ್ಯೂಟರ್ ಎದ್ದಿತು, ಎಲ್ಲ ಪ್ರಶ್ನೆಗಳನ್ನೂ ತಾನೇ ದಾಟಿತು. ಕೊನೆಯದರ ಮುಂದೆ ಮಾತ್ರ ನಿಂತಿತು: ಎಲ್ಲ ಅಳಿಸಲೇ?

“ಅದೊಂದನ್ನ ಯಾಕೆ ಉಳಿಸಿದ್ರಿ ಸಾರ್?” ಎಂದ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕಾವಲುಗಾರ.

“ಅಪಾಯದ ಪ್ರಶ್ನೆ. ಇರ್ಲಿ ಅಂತ.”

“ಹಳೇ ಡಬ್ಬಗಳು ಸಾರ್! ಅದ್ರಲ್ಲಿ ಏನಿದೆ ಮಣ್ಣು?”

“ಹೌದಪ್ಪಾ, ತೆಗ್ದುಬಿಡು,” ಎಂದಳು ಅಕ್ಕ.

ಇಬ್ಬರ ಮಾತಿಗೆ ಬೆಲೆ ಕೊಟ್ಟು, ಅದಕ್ಕೂ ‘ಹೌದು’ ಎಂದು ಮೊದಲೇ ಬರೆದಿಟ್ಟು, ಆ ಪ್ರಶ್ನೆಯನ್ನೂ ತೆಗೆದ. ಆಮೇಲೆ ಸೀಡಿ ಹಾಕುವುದು, ಕೈಕಟ್ಟಿ ನಿಲ್ಲುವುದು, ಇಷ್ಟೇ ಕೆಲಸ. ಹೊತ್ತು ಇಳಿಯುವ ಮೊದಲೇ ಓದುವ ಕೋಣೆ ಪೂರ್ತಿ ಮುಗಿಯಿತು. ಸೀಡಿಯನ್ನು ತನ್ನ ಮೇಜಿನ ಮೇಲಿಟ್ಟು, ಗೆದ್ದ ಖುಷಿಯಲ್ಲಿ ಹೊರಗೆ ಹೋಗಿ ಒಂದು ಟೀ ಕುಡಿದು ಬಂದ.

ಅಷ್ಟರಲ್ಲಿ ಮೇಡಂ ಕರೆಸಿದರು. ಅವರ ಕಂಪ್ಯೂಟರಿನ ಪರದೆ ಹೊಚ್ಚಹೊಸದಾಗಿ ಹೊಳೆಯುತ್ತಿತ್ತು.

“ಎಲ್ರೂ ಹೊಗಳ್ತಿದ್ರಲ್ಲ, ಹೇಗಿದೆ ನೋಡೋಣ ಅಂತ ನಾನೂ ಸೀಡಿ ಹಾಕ್ದೆ. ಒಂದ್ ಮಾತೂ ಕೇಳ್ಲಿಲ್ಲ ಕಣ್ರೀ, ಭೇಷ್! ಈಗ ನಮ್ಮ ಪುಸ್ತಕದ ಪಟ್ಟಿ ಎಲ್ಲಿ ಬರತ್ತೆ, ತೋರಿಸಿ.”

ಕೆದಕಪ್ಪ ಹಣೆ ಒರೆಸಿಕೊಂಡ. “ಮೇಡಂ... ಅದು... ಎಲ್ಲಾನೂ ಅಳಿಸ್ಬಿಟ್ಟಿದೆ.”

ಮೇಡಂ ನಕ್ಕುಬಿಟ್ಟರು.

“ಅಯ್ಯೋ, ಅಷ್ಟಕ್ಕೇ ಹಿಂಗ್ ಬೆವರ್ತೀರಲ್ರೀ! ನಾನೇನು ಅಷ್ಟು ದಡ್ಡಿನಾ? ಪಟ್ಟಿಯ ಇನ್ನೊಂದು ಪ್ರತಿ ಜೋಪಾನವಾಗಿ ಇಟ್ಟಿದೀನಿ. ಹೋಗಿ ತಗೊಂಬನ್ನಿ, ಓದೋ ಕೋಣೆಯ ಮೂಲೆ ಕಂಪ್ಯೂಟರಲ್ಲಿದೆ.”