ಗೋಡೆ ತಿನ್ನುವ ದೆವ್ವ

ಕರ್ರ್... ಕರ್ರ್... ಕರ್ರ್...

ಮಟಮಟ ಮಧ್ಯಾಹ್ನ. ಜಮಖಂಡಿಯ ಓಣಿಯಲ್ಲಿ ಬಿಸಿಲು ಬಿಟ್ಟರೆ ಬೇರೆ ಯಾರೂ ಅಡ್ಡಾಡದ ಹೊತ್ತು. ಅಡಿಗೆಮನೆಗೂ ದೇವರ ಕೋಣೆಗೂ ನಡುವಿದ್ದ ದಪ್ಪ ಮಣ್ಣುಗೋಡೆಯಿಂದ ಸಪ್ಪಳ ಬರುತ್ತಿತ್ತು, ಒಳಗೆ ಹೂತುಹೋದವರು ಯಾರೋ ಉಗುರಿನಿಂದ ದಾರಿ ಮಾಡಿಕೊಳ್ಳುತ್ತಿರುವಂತೆ.

ಹೆದರಬೇಡಿ, ಅದು ಕುಮುದಿನಿ. ಉಪ್ಪಿನಕಾಯಿಯ ಭಾರದ ಭರಣಿ ಸರಿಸಿ, ಅದರ ಹಿಂದೆ ಮಾಡಿಕೊಂಡ ತೂತಿನಲ್ಲಿ ಚಮಚದ ತುದಿಯಿಂದ ಗೋಡೆ ಕೆರೆದು ತಿನ್ನುತ್ತಿದ್ದಳು. (ಗೋಕುಲದಲ್ಲಿ ಮಣ್ಣು ತಿಂದವನಿಗೆ ಪೂಜೆ. ಸೊಸೆ ತಿಂದರೆ?) ಅವಳ ಅಕ್ಕ ಇದೇ ಚಟಕ್ಕೆ ಬಿದ್ದಾಗ, ಮೈಯಲ್ಲಿ ದೆವ್ವ ಸೇರಿದೆಯೆಂದು ಗಂಡನ ಮನೆಯವರು ಲೋಕಾಪುರದ ತವರಿಗೆ ಬಿಟ್ಟು ಹೋದವರು ತಿರುಗಿ ನೋಡಿರಲಿಲ್ಲ. ಅದನ್ನು ನೆನೆದು ಕುಮುದಿನಿ ದಿನವೂ ಅಳುತ್ತಿದ್ದಳು. ಅತ್ತು, ಕಣ್ಣೊರೆಸಿಕೊಂಡು, ಇನ್ನೊಂದು ಚಮಚ ತಿನ್ನುತ್ತಿದ್ದಳು.

ಗಂಡ ಪ್ರಹ್ಲಾದ ಮಾಮಲೇದಾರ ಕಚೇರಿಯ ಗುಮಾಸ್ತ. ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದಮೇಲೆ ಮನೆಯಲ್ಲೂ ವಿಚಾರಣೆ ನಡೆಸುವುದು ಅವನಿಗೆ ರೂಢಿಯಾಗಿತ್ತು. ಒಂದು ಆದಿತ್ಯವಾರ ಅವನಿಗೆ ಮಜ್ಜಿಗೆ ಬಡಿಸುತ್ತಿದ್ದಾಗ ಕುಮುದಿನಿಯ ಕೈ ಹಾಗೇ ನಿಂತಿತು.

ಕರ್ರ್... ಕರ್ರ್...

ಅವಳು ಇಲ್ಲಿದ್ದಳು. ಸಪ್ಪಳ ಗೋಡೆಯಲ್ಲಿತ್ತು.

“ಇಲಿ,” ಎಂದ ಪ್ರಹ್ಲಾದ.

ದೇವರ ಕೋಣೆಯ ಬಾಗಿಲು ತೆರೆದು, ಜಪ ಮುಗಿಸಿದ ಅತ್ತೆ ರಾಧಾಬಾಯಿ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ಬಂದರು. “ಇಲಿ ಅಲ್ಲೋ ತಮ್ಮಾ. ನಿಮ್ಮಜ್ಜಿ. ಹೋಳಿಗಿ ಹೋಳಿಗಿ ಅಂತ ಕನವರಿಸಿ ಪ್ರಾಣ ಬಿಟ್ಟಾಕಿ.”

“ಹೌದ್ರಿ, ನಾನೂ ಕೇಳೀನಿ,” ಎಂದಳು ಕುಮುದಿನಿ ಅವಸರದಿಂದ. ದೆವ್ವವೊಂದಿದ್ದರೆ ತೂತಿನ ಹೊಣೆ ಅದರದು!

ಮರುದಿನ ಗೋಡೆಯ ಮಾಡದ ಗೂಡಿನಲ್ಲಿ ಹೋಳಿಗೆ ಇಟ್ಟರು. ಹೋಳಿಗೆ ಇರುವೆಗಳ ಪಾಲಾಯಿತು. ಗೋಡೆ ಮಾತ್ರ ಸವೆಯುತ್ತಲೇ ಹೋಯಿತು.

ಕುಮುದಿನಿ ಕೆಲವು ದಿನ ಹೆದರಿ ದೂರವಿದ್ದಳು. ಕೊನೆಗೆ ಹೆದರಿಕೆ ಸೋತಿತು, ಬಯಕೆ ಗೆದ್ದಿತು. ಕೆರೆದಳು. ಕರ್ರ್. ನಿಲ್ಲಿಸಿದಳು.

ಗೋಡೆ ನಿಲ್ಲಿಸಲಿಲ್ಲ.

ಬೆರಳಿನ ಹತ್ತಿರವೇ, ಮಣ್ಣಿನ ಆಚೆ, ಯಾರೋ ಏದುಸಿರು ಬಿಡುತ್ತಿದ್ದರು. ಒಂದು ಹೆಂಟೆ ಉದುರಿತು. ತೂತಿನಲ್ಲಿ ಕಣ್ಣೊಂದು ಕಂಡಿತು. ಮುಪ್ಪಾದ, ನೀರಾಡುವ, ರಕ್ತವೇ ಇಲ್ಲದ ಬಿಳಿ ಕಣ್ಣು. ರೆಪ್ಪೆ ಬಡಿಯಿತು.

ಕೂಗೋಣವೆಂದರೆ ಕುಮುದಿನಿಯ ಬಾಯಿ ಖಾಲಿ ಇರಲಿಲ್ಲ.

“ಯಾರದು?” ಎಂದಿತು ಗೋಡೆ.

“ನಾನ್ರೀ... ಕುಮುದಿನಿ.”

ಗೋಡೆ ಬಹಳ ಹೊತ್ತು ಯೋಚಿಸಿತು. ಆಮೇಲೆ ರಾಧಾಬಾಯಿಯವರ ದನಿಯಲ್ಲಿ ಕೇಳಿತು: “ನಿನ್ನ ಕಡೆ ರುಚಿ ಹ್ಯಾಂಗದ?”

“ಒಲಿ ಹೊಗಿ ವಾಸನಿ ರೀ ಅತ್ಯಾ.”

“ಈ ಕಡೆ ಊದಿನಕಡ್ಡೀದು. ಪ್ರಹ್ಲಾದಗ ಹೇಳೀಯಂದ್ರ ನೋಡು ಮತ್ತ!”

ಎದೆ ಬಡಿತ ಇಳಿದಮೇಲೆ ಕುಮುದಿನಿಗೆ ತನ್ನ ಕೈಗೆ ಬಂದ ಸಾಮ್ರಾಜ್ಯದ ಅರಿವಾಯಿತು. “ನಾ ಯಾಕ ಹೇಳ್ಲಿ? ನಾಳಿಂದ ಮುಂಜಾನಿ ಬಾವಿ ನೀರು ನೀವು ಸೇದಿದ್ರ ಆತು.”

“ಅಬ್ಬಾ, ಸಣ್ಣಾಕಿ ಅಂತ ತಿಳಕೊಂಡಿದ್ದೆ ನಾ!”

ಮರುದಿನ ಎರಡನೆಯ ಕೊಡ ಮೇಲೆ ಬರುವ ಮೊದಲೇ ರಾಧಾಬಾಯಿ ತಲೆ ತಿರುಗಿ ಬಾವಿಯ ಕಟ್ಟೆಯ ಬಳಿ ಬಿದ್ದರು. ಕುಮುದಿನಿ ಓಡಿ ಬಂದು ತೊಡೆಯ ಮೇಲೆ ತಲೆ ಇಟ್ಟುಕೊಂಡಳು. ಆ ಮುಖ ಸುಣ್ಣ ಬಳಿದಂತಿತ್ತು. ಹಗ್ಗ ತನ್ನ ಕೈಯಿಂದ ಅವರ ಕೈಗೆ ದಾಟಿಸಿದವಳು ತಾನೇ ಎಂಬುದು ಬಾಯಲ್ಲಿದ್ದ ಮಣ್ಣನ್ನೂ ಕಹಿಯಾಗಿಸಿತು.

ಸರಕಾರಿ ದವಾಖಾನೆಯ ಡಾಕ್ಟರು ಪ್ರಹ್ಲಾದನ ಜೊತೆ ಬಂದು ಮುದುಕಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು.

“ರಕ್ತನ ಇಲ್ಲಲ್ರಿ. ಮಣ್ಣು ತಿಂತೀರೇನು?”

ರಾಧಾಬಾಯಿ ಸೊಸೆಯನ್ನೊಮ್ಮೆ ನೋಡಿ, ಶಾಂತವಾಗಿ ಹೇಳಿದರು: “ತಿಂತೀನ್ರಿ. ಆ ಗ್ವಾಡಿ ಎರಡೂ ಕಡೆಯಿಂದ ತಿಂದಾಕಿ ನಾನ.”

“ಇದು ದೆವ್ವಲ್ಲ, ರೋಗ,” ಎಂದರು ಡಾಕ್ಟರು. “ಬರಿಗಾಲಿಲೆ ಹಿತ್ತಲಕ್ಕ ಹೋದ್ರ ಸಣ್ಣ ಹುಳ ಅಂಗಾಲಿನಿಂದ ಒಳಗ ಸೇರಿ, ಕರುಳಾಗ ಕೂತು ರಕ್ತ ಕುಡಿತಾವ. ರಕ್ತ ಕಡಿಮಿ ಆದ್ರ ಮಣ್ಣು ಬೇಡತದ. ಮಣ್ಣು ತಿಂದ್ರ ಮತ್ತಷ್ಟು ಹುಳ. ಮೊದಲ ಹುಳದ ಔಷಧ, ಆಮ್ಯಾಲ ಕಬ್ಬಿಣದ ಟಾನಿಕ್, ಊಟಾದ ಮ್ಯಾಲ. ರಾಜಗಿರಿ ಪಲ್ಯ ತಿನ್ರಿ. ಕಾಲಿಗೆ ಚಪ್ಪಲಿ ಹಾಕ್ಕೋರಿ.” ಅವರು ಕುಮುದಿನಿಯತ್ತ ತಿರುಗಿದರು. “ನೀವು ತಿಂತೀರೇನವಾ?”

“ಇಲ್ರಿ!” ಎಂದಳು ಕುಮುದಿನಿ. ಲೋಕಾಪುರದ ಅಕ್ಕ ಕಣ್ಣ ಮುಂದೆ ನಿಂತಿದ್ದಳು.

ಹೀಗೆ ಅತ್ತೆಗೆ ಔಷಧ, ಹಾಸಿಗೆ, ಬೆಲ್ಲ, ಹೊಸ ಚಪ್ಪಲಿ ಎಲ್ಲ ಬಂದವು. ನಿರಪರಾಧಿ ಸೊಸೆಗೆ ಬಾವಿಯ ಹಗ್ಗ ವಾಪಸಾಯಿತು. ಬಿದಿರು ತಡಿಕೆಯಿಂದ ಮುಚ್ಚಿದ ತೂತಿನ ಮುಂದೆ ರಾಜಗಿರಿ ಸೊಪ್ಪು ಸೋಸುವಾಗ ಅವಳ ಕಣ್ಣಿಗೂ ಕತ್ತಲೆ ಬರುತ್ತಿತ್ತು.

ಮೂರನೆಯ ದಿನ ಪ್ರಹ್ಲಾದ ಟಾನಿಕ್ ಬಾಟಲಿ ಹಿಡಿದು ಅವಳ ಮುಂದೆ ನಿಂತ. “ಅವ್ವನ ಧೈರ್ಯ ನೋಡು. ಎದಿ ಮುಟ್ಟಿಕೊಂಡು ಖರೆ ಹೇಳಿದ್ಲು. ನೀನಾಗಿದ್ರ ದೆವ್ವದ ಮ್ಯಾಲ ಹಾಕಿ ಸುಮ್ಮನ ಕೂಡತಿದ್ದಿ. ಆದ್ರ ಒಂದು ತಿಳೀವಲ್ದು. ಆ ಭಾರದ ಭರಣಿ ಅವ್ವ ದಿನಾ ಹ್ಯಾಂಗ ಸರಿಸಿದ್ಲು?”

ಕುಮುದಿನಿ ಬಾಟಲಿ ಕಿತ್ತುಕೊಂಡು ಗಟಗಟ ಎರಡು ಗುಟುಕು ಕುಡಿದಳು. ತುಟಿ, ಹಲ್ಲು ಎಲ್ಲ ಕಪ್ಪಾದವು.

“ಏಯ್, ಅದು ಅವ್ವಂದು!”

ಹಾಸಿಗೆಯಿಂದ ರಾಧಾಬಾಯಿ ಕೂಗಿದರು: “ಊಟಾದ ಮ್ಯಾಲ ಕುಡೀಬೇಕಂತ ಹೇಳ್ಯಾರಲ್ಲ ಹುಚ್ಚಿ!”

ಪ್ರಹ್ಲಾದ ತಾಯಿಯನ್ನು ನೋಡಿದ, ಹೆಂಡತಿಯ ಕರಿ ಹಲ್ಲುಗಳನ್ನು ನೋಡಿದ. “ಅಂದ್ರ... ಅಡಿಗೀಮನಿ ಕಡೆ... ನೀನೂ...? ಮತ್ತ ನನಗ ಯಾಕ ಹೇಳ...”

ಕುಮುದಿನಿ ಬಾಟಲಿಯನ್ನು ಅವನ ಕೈಗೆ ತುರುಕಿ, ಅತ್ತೆಯ ದೊಡ್ಡ ಚಪ್ಪಲಿಯಲ್ಲಿ ಕಾಲು ತೂರಿಸಿ, ಅವನ ಮಾತು ಮುಗಿಯುವ ಮೊದಲೇ ಚಟಪಟ ಹಿತ್ತಲಿಗೆ ಹೊರಟೇಹೋದಳು.