ಟವೆಲ್ ಹಾಕಿ ಹಿಡಿದ ಜಾಗ

ಜಾಗ ಹಂಚುವ ಕೆಲಸ ಎಲ್ಲೇ ಮಾಡಿ, ಜಗಳ ತಾನಾಗಿ ಬರುತ್ತದೆ. ನಾನು ಹಂಚುವ ಜಾಗ ಕಣ್ಣಿಗೂ ಕಾಣುವುದಿಲ್ಲ. ಹಾಗಾಗಿ ಜಗಳದ ಹಿಂದೆಯೇ ನಗುವೂ ಬರುತ್ತದೆ.

ನಾನು ಬಿ.ಎಸ್ಸಿ. ಓದಿದವನು. ಒಂದು ಖಾಸಗಿ ಸ್ಕ್ಯಾನಿಂಗ್ ಸೆಂಟರಿನ ಸ್ಟೋರೇಜ್ ನೋಡಿಕೊಳ್ಳುತ್ತೇನೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಊರಿನ ಸ್ಕ್ಯಾನ್ ಚಿತ್ರಗಳು ಸಿಂಧನೂರಿನ ಒಂದೇ ಡಿಸ್ಕ್ ಪೆಟ್ಟಿಗೆಗೆ ಬಂದು ಸೇರುತ್ತವೆ.

೧. ಗ್ವಾಡಿ ಎಲ್ಲೈತಿ?

ಪೆಟ್ಟಿಗೆಯ ಜಾಗವನ್ನು ಮೂರು ವರ್ಚುವಲ್ ವಾಲ್ಯೂಮ್ ಮಾಡಿದೆ, ಊರಿಗೊಂದು. ಮಾಲೀಕರು ಗೋಡೆ ಹುಡುಕುತ್ತ ಪೆಟ್ಟಿಗೆಗೆ ಒಂದು ಸುತ್ತು ಬಂದರು.

“ಮೂರು ಪಾಲು ಮಾಡೀನಿ ಅಂತಿ. ನಡುವ ಗ್ವಾಡಿ ಎಲ್ಲೈತಿ?”

“ಗ್ವಾಡಿ ಸಾಫ್ಟ್‌ವೇರ್‌ದಾಗ ಐತ್ರಿ. ಕಣ್ಣಿಗೆ ಕಾಣಂಗಿಲ್ಲ.”

ಮರುದಿನ ಪೆಟ್ಟಿಗೆಯ ಮೇಲೆ ಮಾಲೀಕರ ಕೈಬರಹದ ಮೂರು ಚೀಟಿ ಅಂಟಿದ್ದವು. ಮೇಲೆ ಸಿಂಧನೂರು, ನಡುವೆ ಲಿಂಗಸುಗೂರು, ಕೆಳಗೆ ಮಸ್ಕಿ. ಮಸ್ಕಿ ಮ್ಯಾನೇಜರು ಬಂದು ನೋಡಿ ಮುಖ ಸಣ್ಣ ಮಾಡಿಕೊಂಡರು.

“ನಮ್ಮನ್ನ ಯಾಕ ತಳಕ್ಕ ಹಾಕೀರಿ? ಎರಡೂ ಊರಿನ ಭಾರ ನಮ್ಮ ಮ್ಯಾಲ ಬೀಳಾಕತ್ತೈತಲ್ಲ!”

೨. ಇಪ್ಪತ್ತು ಸೀಟಿನ ಬಸ್ಸು

ಪೆಟ್ಟಿಗೆಯಲ್ಲಿ ನಿಜವಾಗಿ ಇರುವುದು ಇಪ್ಪತ್ತು ಟೆರಾಬೈಟ್. ಊರಿಗೆ ಹತ್ತರಂತೆ ನಾನು ತೋರಿಸಿದ್ದು ಮೂವತ್ತು. ಇದು ಮೋಸವಲ್ಲ, ಪದ್ಧತಿ. ತುಂಬಿದಷ್ಟೇ ಜಾಗ ಹೋಗುತ್ತದೆ, ಎಲ್ಲರೂ ಪೂರ್ತಿ ತುಂಬುವುದಿಲ್ಲ. ಆರು ತಿಂಗಳು ಚಿಂತೆಯಿಲ್ಲ ಎಂದು ಮಾಲೀಕರಿಗೆ ಸಹಿ ಹಾಕಿ ಬರೆದುಕೊಟ್ಟಿದ್ದೆ.

ಲಿಂಗಸುಗೂರಿನ ಮ್ಯಾನೇಜರು ಹಿರಿಯರು. ಅವರಿಗೆ ಇದು ಸರಿಬರಲಿಲ್ಲ.

“ಮೂವತ್ತು ಮಂದಿಗೆ ಟಿಕೀಟು ಕೊಟ್ಟು ಇಪ್ಪತ್ತು ಸೀಟಿನ ಬಸ್ ತಂದಂಗಾತಲ್ಲೋ ತಮ್ಮಾ?”

“ಎಲ್ಲಾರೂ ಒಮ್ಮೆಗೇ ಹತ್ತಂಗಿಲ್ರಿ.”

“ನೀ ನಮ್ಮೂರ ಬಸ್ ಸ್ಟ್ಯಾಂಡ್ ನೋಡೀಯೇನು?”

೩. ಟವೆಲ್

ಮೂರನೇ ವಾರಕ್ಕೇ ಎಚ್ಚರಿಕೆ ಬಂತು: ಪೆಟ್ಟಿಗೆ ಇನ್ನೆರಡು ದಿನದಲ್ಲಿ ಭರ್ತಿ. ಭರ್ತಿಯಾದರೆ ಮೂರೂ ಊರಲ್ಲಿ ಸ್ಕ್ಯಾನ್ ಬಂದ್. ನನ್ನ ಸಹಿಯ ಮರ್ಯಾದೆಯೂ ಬಂದ್.

ಒಂದೊಂದೇ ವಾಲ್ಯೂಮ್ ನೋಡಿದೆ. ಉಬ್ಬುತ್ತಿದ್ದದ್ದು ಲಿಂಗಸುಗೂರು. ಬಸ್ ಹತ್ತಿ ಹೋದೆ. ಅಲ್ಲಿನ ಕಂಪ್ಯೂಟರಿನಲ್ಲಿ ‘ಟವೆಲ್’ ಎಂಬ ಫೋಲ್ಡರ್ ಸಿಕ್ಕಿತು. ಅದರೊಳಗೆ ಮ್ಯಾನೇಜರ ಇಡೀ ಬಳಗದ ಮದುವೆ ವಿಡಿಯೋಗಳು.

“ಏನ್ರಿ ಇದು?”

“ಮಸ್ಕಿಯವ್ರು ಬಂದು ಕುಂದ್ರೂದ್ರಾಗ ಜಾಗಾ ಹಿಡದೀನಿ. ತೆಗಿ ಅನಬ್ಯಾಡ.”

ವಾದ ಮಾಡಲಿಲ್ಲ. “ಒಂದ ವಿಡಿಯೋ ಇಟ್ಕೊಳ್ರಿ. ಅದರದ ನೂರು ನಕಲು ಹಾಕ್ರಿ” ಎಂದೆ. ಒಂದೇ ಫೈಲಿಗೆ ಎಷ್ಟು ನಕಲಿದ್ದರೂ ನಮ್ಮ ಪೆಟ್ಟಿಗೆ ಒಂದನ್ನಷ್ಟೇ ಇಟ್ಟುಕೊಳ್ಳುತ್ತದೆ. ಅವರ ಪರದೆಯಲ್ಲಿ ನೂರು ಟವೆಲ್, ಪೆಟ್ಟಿಗೆಯಲ್ಲಿ ಒಂದೇ. ಉಳಿದ ಮದುವೆ ವಿಡಿಯೋಗಳನ್ನು ಅಳಿಸಿದೆ, ಎಚ್ಚರಿಕೆ ಹೋಯಿತು, ನನ್ನ ಆರು ತಿಂಗಳು ಉಳಿಯಿತು. ಅವರೂ ಖುಷಿ, ನಾನೂ ಖುಷಿ.

ಅದೇ ಖುಷಿಯಲ್ಲಿ ಮ್ಯಾನೇಜರು ನನ್ನ ಜೊತೆ ಬಸ್ ಸ್ಟ್ಯಾಂಡಿಗೆ ಬಂದು, ಹೆಗಲ ಮೇಲಿನ ಟವೆಲನ್ನು ಕಿಟಕಿಯಿಂದ ಎಸೆದು ನನಗೊಂದು ಸೀಟು ಹಿಡಿದರು. ಒಳಗೆ ಹೋಗಿ ನೋಡಿದರೆ ಆ ಸೀಟಿನ ಮೇಲೆ ಆಗಲೇ ಬೇರೆಯವರ ನಾಲ್ಕು ಟವೆಲ್. ನಾಲ್ಕಕ್ಕೂ ಒಬ್ಬೊಬ್ಬ ಯಜಮಾನ ಬಂದ. ನಾನು ಕಂಬಿ ಹಿಡಿದು ನಿಂತೆ.

ಬಸ್ ಹೊರಟಿತು. ಕಿಟಕಿಯ ಹೊರಗಿನಿಂದ ಮ್ಯಾನೇಜರು ಕೂಗಿದರು:

“ಚಿಂತಿ ಮಾಡಬ್ಯಾಡೋ ತಮ್ಮಾ, ಎಲ್ಲಾರೂ ಒಮ್ಮೆಗೇ ಹತ್ತಂಗಿಲ್ಲ!”