ತಂತಿರಾಯರ ಟರ್ಮಿನಲ್ ಸಂಧಾನ

ಹೊಟ್ಟೆ ತುಂಬ ಉಂಡು ಕೂತಾಗ ಯಾವ ಗಂಡನೂ ಹೆಂಡತಿಗೆ ಮಾತು ಕೊಡಬಾರದು. ತಂತಿರಾಯರು ಕೊಟ್ಟುಬಿಟ್ಟಿದ್ದರು. "ನಿನ್ನ ವರ್ಗಾವಣೆ ಹೆಂಗಾಗತ್ತೆ ನೋಡೇಬಿಡ್ತೀನಿ, ನಾನಿಲ್ವಾ?" ಎಂದಿದ್ದರು. (ಊಟ ಅಷ್ಟು ಚೆನ್ನಾಗಿತ್ತು.)

ನೀರು ಸರಬರಾಜು ಕಚೇರಿಯಲ್ಲಿ ಕಂಪ್ಯೂಟರ್ ತಂತಿಗಳ ಉಸ್ತುವಾರಿ ರಾಯರದು. ಆ ಹೆಸರು ಬಂದದ್ದೂ ಹಾಗೆಯೇ. ಅದೇ ಕಚೇರಿಯ ದೂರು ವಿಭಾಗದಲ್ಲಿ ಅವರ ಹೆಂಡತಿ ಇಪ್ಪತ್ತು ವರ್ಷದಿಂದ ಹಸಿರು ಅಕ್ಷರದ ಹಳೆಯ ಟರ್ಮಿನಲ್ ಮುಂದೆ ಕೂತು, ಊರಿನ ಒಡೆದ ಪೈಪುಗಳನ್ನೆಲ್ಲ ದಾಖಲಿಸುತ್ತಿದ್ದರು. ಈಗ ಯುನಿಕ್ಸ್ ಎಂಬ ವ್ಯವಸ್ಥೆಯಲ್ಲಿ ನಡೆಯುವ ಹೊಸ ಕಂಪ್ಯೂಟರ್ ಯಂತ್ರ ಬಂದಿತ್ತು. ಸೋಮವಾರದೊಳಗೆ ದೂರು ವಿಭಾಗದ ಆರು ಟರ್ಮಿನಲ್‌ಗಳು ಅದರೊಡನೆ ಮಾತಾಡದಿದ್ದರೆ ಅವು ಗುಜರಿಗೆ, ಅವುಗಳ ಮುಂದೆ ಕೂತವರು ಎಂಟು ಗಂಟೆ ದಾರಿಯ ಶಾಖೆಗೆ ಎಂದು ಸಾಹೇಬರು ಹೇಳಿಯಾಗಿತ್ತು. ಆ ಶಾಖೆಯಲ್ಲಿ ಇನ್ನೂ ಹಳೆಯ ಯಂತ್ರವೇ ಇತ್ತು.

ಭಾನುವಾರ ರಾಯರು ಒಂದು ಟರ್ಮಿನಲ್ಲನ್ನು ಮನೆಗೇ ಹೊತ್ತು ತಂದು ಮೇಜಿನ ಮೇಲೆ ಪ್ರತಿಷ್ಠಾಪಿಸಿದರು. ಪಕ್ಕಕ್ಕೆ ಪರೀಕ್ಷೆಗೆಂದು ಯುನಿಕ್ಸ್ ತುಂಬಿದ ಒಂದು ಸಣ್ಣ ಯಂತ್ರ, ನಡುವೆ ತಾವೇ ಜೋಡಿಸಿದ ದುಭಾಷಿ ಪೆಟ್ಟಿಗೆ. ತೊಂದರೆ ಇದ್ದದ್ದು ಎರಡರ ಸ್ವಭಾವದಲ್ಲಿ. ಯುನಿಕ್ಸ್‌ಗೆ ಒಂದೊಂದು ಅಕ್ಷರವೂ ಒತ್ತಿದ ಕೂಡಲೇ ಬೇಕು. ಹಳೆಯದೋ, ಇಡೀ ಪುಟ ತುಂಬಿಸಿ ಕಳಿಸುವ ಗುಂಡಿ ಒತ್ತುವ ತನಕ ಬಾಯೇ ಬಿಡದು. ಅದನ್ನೇನೋ ರಾಯರು ಗೆದ್ದರು. ಪೆಟ್ಟಿಗೆ ಪುಟವನ್ನು ಬಿಡಿಸಿ ಅಕ್ಷರ ಅಕ್ಷರವಾಗಿ ಉಣಿಸತೊಡಗಿತು. ಮೊದಲ ಪುಟ ಹೋಯಿತು. ಎರಡನೆಯದಕ್ಕೆ ಕೀಲಿಮಣೆ ಜಪ್ಪಯ್ಯ ಎಂದರೂ ಒಂದಕ್ಷರ ಮೂಡಿಸಲಿಲ್ಲ.

"ಕೀಲಿಮಣೆ ಕೆಟ್ಟಿದೆ," ಎಂದು ಘೋಷಿಸಿ ರಾಯರು ಸ್ಕ್ರೂಡ್ರೈವರ್ ಎತ್ತಿಕೊಂಡರು.

"ಕೆಟ್ಟಿಲ್ಲ ರೀ, ಬೀಗ ಹಾಕ್ಕೊಂಡಿದೆ. ಮೂಲೇಲಿ ಆ ಗುರುತು ನೋಡಿ. ಕಳಿಸಿದ್ದು ಸಿಕ್ತು ಅಂತ ಆ ಕಡೆಯಿಂದ ಒಂದು ಮಾತು ಬರೋ ತನಕ ಅದು ಹಂಗೇ ಕೂತಿರತ್ತೆ," ಎಂದರು ಪಕ್ಕದಲ್ಲಿ ನಿಂತಿದ್ದ ಹೆಂಡತಿ.

"ಇದು ಪ್ರೋಟೋಕಾಲ್ ವಿಷಯ ಕಣೆ, ಯಂತ್ರ ಯಂತ್ರ ಮಾತಾಡೋ ನಿಯಮ. ನಿಂಗೆ ಗೊತ್ತಾಗಲ್ಲ."

"ಪ್ರೋಟೋಕಾಲ್ ಗೊತ್ತಿಲ್ಲಪ್ಪ. ಇದರ ಮುನಿಸು ಗೊತ್ತು."

ರಾಯರು ಮೂರು ತಂತಿ ಬದಲಾಯಿಸಿದರು, ಎರಡು ಸಲ ಪೆಟ್ಟಿಗೆ ಬಿಚ್ಚಿದರು, ಒಂದು ಸಲ ಮನೆಯ ಫ್ಯೂಸ್ ಹಾರಿಸಿದರು. ಕೊನೆಗೆ ಹೆಂಡತಿ ಒಳಗೆ ಹೋದ ಸಮಯ ನೋಡಿಕೊಂಡು, ಪುಟ ಸಿಕ್ಕಿತು, ಬೀಗ ತೆಗೆ ಎಂದು ಪೆಟ್ಟಿಗೆಯೇ ಉತ್ತರ ಕೊಡುವಂತೆ ನಾಲ್ಕು ಸಾಲು ಸೇರಿಸಿದರು. ಕೀಲಿಮಣೆ ಮರುಮಾತಿಲ್ಲದೆ ಕೆಲಸಕ್ಕಿಳಿಯಿತು.

ಸೋಮವಾರ ಆರೂ ಟರ್ಮಿನಲ್‌ಗಳು ಎಡೆಬಿಡದೆ ದೂರು ಕಳಿಸಿದವು. ಇನ್ನು ವರ್ಗಾವಣೆ ಇಲ್ಲ ಎಂದು ಸಾಹೇಬರು ಹೇಳಿದಾಗ ಹೆಂಡತಿಯ ಕಣ್ಣು ತುಂಬಿ ಬಂತು.

"ಆ ಬೀಗ ತೆಗೆಯೋ ಉಪಾಯ ಯಾರಿಗೆ ಹೊಳೀತು?" ಪೆಟ್ಟಿಗೆಯ ಕತೆಯೆಲ್ಲ ಕೇಳಿದ ಮೇಲೆ ಸಾಹೇಬರು ವಿಚಾರಿಸಿದರು.

ರಾಯರು ಹೆಂಡತಿಯ ಕಡೆ ನೋಡದೆ, "ನಂಗೇ ಸಾರ್," ಎಂದರು.

"ಭೇಷ್! ದೂರದ ಶಾಖೆಗೂ ಯುನಿಕ್ಸ್ ಬರ್ತಿದೆ. ಅಲ್ಲಿ ಇಂಥವು ಅರವತ್ತಿವೆ. ಬುಧವಾರ ಹೊರಡಿ, ಆರು ತಿಂಗಳು ಹಿಡೀಬಹುದು."

ಮನೆಗೆ ಬಂದು ಸೂಟ್‌ಕೇಸ್ ಮುಂದೆ ಕೂತ ರಾಯರು ತ್ಯಾಗಮೂರ್ತಿಯ ಮುಖ ಮಾಡಿಕೊಂಡರು. "ನೋಡು, ನಿನ್ನ ಹೆಸರು ಹೇಳಿದ್ರೆ ನಿನ್ನೇ ಕಳಿಸ್ತಿದ್ರು. ನಿನಗೋಸ್ಕರಾನೇ..."

"ಹೇಳುವಾಗ ನಿಮಗದು ಗೊತ್ತಿತ್ತಾ?"

ಎಷ್ಟು ತಡಕಾಡಿದರೂ ಸುಳ್ಳು ನಾಲಿಗೆಗೆ ಸಿಗಲಿಲ್ಲ. "ಇಲ್ಲ," ಎಂದರು.

ಹೆಂಡತಿ ನಕ್ಕುಬಿಟ್ಟರು. ನಗುತ್ತಲೇ ಸ್ವೆಟರ್ ಮಡಿಸಿಟ್ಟವರಿಗೆ ಆರು ತಿಂಗಳೆಂದರೆ ಎಷ್ಟು ದಿನ ಎಂಬುದು ಆಗ ಹೊಳೆಯಿತು. ಇನ್ನೊಂದು ಸ್ವೆಟರ್ ತಂದು ಅದರ ಮೇಲಿಟ್ಟರು. "ಅಲ್ಲಿ ಏನಾದ್ರೂ ಮುನಿಸ್ಕೊಂಡ್ರೆ ಫೋನ್ ಮಾಡಿ. ಹೆಂಡ್ತೀನ ಕೇಳ್ದೆ ಅಂತ ಮಾತ್ರ ಯಾರಿಗೂ ಹೇಳ್ಬೇಡಿ. ಆಮೇಲೆ ನನ್ನೂ ಅಲ್ಲಿಗೇ ಕರೆಸ್ಕೊಂಡಾರು."

ರಾಯರು ವಿಧೇಯರಾಗಿ ತಲೆಯಾಡಿಸಿದರು. ಹೋದ ದಿನವೇ ಎಲ್ಲರೆದುರು ಗಟ್ಟಿಯಾಗಿ ಹೇಳಿಬಿಡುವುದೆಂದು ಒಳಗೊಳಗೇ ನಿರ್ಧರಿಸಿಯಾಗಿತ್ತು.